ಓದಿಸದೆ ಕೊರೆದ ತಗಡು

ಹೋದ ವರ್ಷದ ಮಾತು. ಅವೆನ್ಯೂ ರಸ್ತೆಯ ಟ್ರೋಫಿ ಅಂಗಡಿಯಲ್ಲಿ ಹೆಸರು ಕೊರೆಯುವ ಕೆಲಸಕ್ಕೆ ಸೇರಿ ನನಗೆ ಮೂವತ್ತೆಂಟು ವರ್ಷವಾಗಿತ್ತು. ಓದಿದ್ದು ನಾಲ್ಕನೇ ಕ್ಲಾಸು. ಇಂಗ್ಲಿಷ್ ಅಕ್ಷರ ಕಲಿತದ್ದು ಕಪ್‌, ಶೀಲ್ಡ್‌ಗಳ ಮೇಲೆಯೇ. ಹಾಗಾಗಿ ನನಗೆ ಬರುವ ಇಂಗ್ಲಿಷೆಲ್ಲ ಗೆದ್ದವರ ಇಂಗ್ಲಿಷು.

ನಮ್ಮದು ಹಳೇ ಮೆಷಿನ್ನು. ಗೆದ್ದವರ ಪಟ್ಟಿ ನೋಡಿ ಹಿತ್ತಾಳೆಯ ಅಚ್ಚಕ್ಷರಗಳನ್ನು ಸಾಲಾಗಿ ಜೋಡಿಸಬೇಕು. ಅವುಗಳ ಗೀರಿನ ಮೇಲೆ ಕಡ್ಡಿ ಓಡಿಸಿದರೆ ಪಕ್ಕದ ಸೂಜಿ ಅದನ್ನೇ ಚಿಕ್ಕದಾಗಿ ತಗಡಿನ ಮೇಲೆ ಕೊರೆಯುತ್ತದೆ. ಕೊರೆದ ಮೇಲೆ ಅಳಿಸಲು ಬರುವುದಿಲ್ಲ. ಅದಕ್ಕೇ ಅಂಗಡಿಯಲ್ಲಿ ಒಂದು ಪದ್ಧತಿ: ಜೋಡಿಸಿದ್ದನ್ನು ಸೂಜಿ ಇಳಿಸುವ ಮೊದಲು ಬೇರೆಯವರು ಗಟ್ಟಿಯಾಗಿ ಓದಬೇಕು. ನನಗೆ ಓದಿ ಹೇಳುತ್ತಿದ್ದವನು ಯಜಮಾನ ಗಿರೀಶ. ತೊಟ್ಟಿಲಲ್ಲಿದ್ದಾಗಿನಿಂದ ಅವನನ್ನು ನೋಡಿದ್ದೇನೆ, ಅದಕ್ಕೇ ಏಕವಚನ. ಇನ್ನೊಂದು ಪದ್ಧತಿಯೂ ಇತ್ತು. ಯಾರು ಗೆದ್ದರೆಂದು ನಮಗೆ ಮೊದಲೇ ಗೊತ್ತಾಗುತ್ತದೆ, ಹೊರಗೆ ಬಾಯಿ ಬಿಡಬಾರದು.

ನನ್ನ ಮೊಮ್ಮಗಳು ಹಂಸ ಎಂಟು ನಿಮಿಷದ ಅನಿಮೇಷನ್ ಸಿನಿಮಾ ಮಾಡಿದ್ದಳು. ಅಂದರೆ ಒಂದೊಂದು ಚಿತ್ರವನ್ನೂ ಕೈಯಲ್ಲಿ ಬರೆದು, ಓಡಿಸಿ, ಜೀವ ಬರಿಸುವುದು. ನಮ್ಮ ಮನೆಯವರು, ಅವಳ ತಾತ, ತೀರಿಕೊಂಡ ಮೇಲೂ ಅವರ ಚಪ್ಪಲಿಗಳು ಚಾಮರಾಜಪೇಟೆಯ ನಮ್ಮ ಮನೆಯಲ್ಲಿ ಓಡಾಡಿಕೊಂಡಿರುವ ಕಥೆ. ಎರಡು ವರ್ಷ ಊಟದ ತಟ್ಟೆಯ ಪಕ್ಕದಲ್ಲೂ ಪೆನ್ಸಿಲ್ಲು. ನನ್ನ ಓರಗಿತ್ತಿ ಸುಶೀಲಕ್ಕನ ಮೊಮ್ಮಗ ತೇಜಸ್ ಕೂಡ ಸಿನಿಮಾ ಮಾಡಿದ್ದ, ನಿಜವಾದ ನಟರನ್ನು ಹಾಕಿಕೊಂಡು. ಇಬ್ಬರೂ ಒಂದೇ ಕಿರುಚಿತ್ರ ಸ್ಪರ್ಧೆಗೆ ಕಳಿಸಿದರು.

ಗೌರಿ ಹಬ್ಬಕ್ಕೆ ಮಲ್ಲೇಶ್ವರದ ಸುಶೀಲಕ್ಕನ ಮನೆಗೆ ಹೋದಾಗ ಒಬ್ಬಟ್ಟು ಬಡಿಸುತ್ತಾ ಶುರುಮಾಡಿದಳು.

"ಏನೇ ರತ್ನ, ನಿನ್ನ ಮೊಮ್ಮಗಳದ್ದೂ ಸಿನಿಮಾನಾ? ಮಕ್ಕಳು ಊಟ ಮಾಡ್ಲಿ ಅಂತ ಮೊಬೈಲಲ್ಲಿ ಹಾಕ್ತಾರಲ್ಲ, ಆ ಬೊಂಬೆ ತಾನೆ?"

"ಎರಡಕ್ಕೂ ಹಾಕಿದೀನಿ ದೊಡ್ಡಜ್ಜಿ," ಅಂದಳು ಹಂಸ. "ಅನಿಮೇಷನ್ನಿಗೂ, ಬೆಸ್ಟ್ ಫಿಲ್ಮಿಗೂ. ರೂಲ್ಸಲ್ಲಿ ಹಾಕ್ಬೋದು ಅಂತಿದೆ."

ತೇಜಸ್ ನಕ್ಕ. "ಹಾಕ್ಬೋದು ಕಣೇ, ಕೊಡಲ್ಲ. ಅದಕ್ಕೇ ತಾನೆ ನಿಮ್ಗೆ ಅಂತ ಬೇರೆ ಪ್ರೈಜ್ ಇಟ್ಟಿರೋದು?"

ಬಸ್ಸಿನಲ್ಲಿ ಹಂಸ ನನ್ನ ಭುಜಕ್ಕೆ ಒರಗಿದಳು. "ಬೊಂಬೆಗಳ ಪೈಕಿ ಚೆನ್ನಾಗಿದೆ ಅನ್ನೋದು ಬೇಡ ಅಜ್ಜಿ. ಸಿನಿಮಾ ಚೆನ್ನಾಗಿದೆ ಅನ್ಬೇಕು." ಅವತ್ತು ನನ್ನ ಹೊಟ್ಟೆಯಲ್ಲಿ ಹತ್ತಿದ ಉರಿ ಒಬ್ಬಟ್ಟಿನದಲ್ಲ.

ಸ್ಪರ್ಧೆಯವರು ಕೊರೆಸಲು ಬಂದದ್ದು ನಮ್ಮ ಅಂಗಡಿಗೇ. ಒಂದು ತಗಡು ನಾಲ್ಕು ಇಂಚಿಗೆ ಎರಡು, ಅದು ಬೆಸ್ಟ್ ಫಿಲ್ಮ್‌ಗೆ. ಉಳಿದವು ಎರಡೂವರೆಗೆ ಒಂದು. ಪಟ್ಟಿ ಕೈಗೆ ಬಂದಾಗ ಹಂಸಾಳ ಹೆಸರು ತಕ್ಷಣ ಕಣ್ಣಿಗೆ ಬಿತ್ತು. ಎದೆ ತುಂಬಿ ಪಟ್ಟಿಯ ಮೇಲೆಯೇ ಹನಿ ಉದುರಿತು. ಸಾವಿರಾರು ಮನೆಯ ಮಕ್ಕಳ ಹೆಸರು ಕೊರೆದ ಕೈ, ಮೊದಲ ಸಲ ನನ್ನ ಮನೆಯ ಮಗುವಿನದು! ಆಮೇಲೆ ಮುಂದಿನ ಮಾತು ನೋಡಿದೆ. ಬೆಸ್ಟ್ ಅನಿಮೇಷನ್. ಎಲ್ಲಕ್ಕಿಂತ ಮೇಲಿನ ಸಾಲಿನಲ್ಲಿ, ಬೆಸ್ಟ್ ಫಿಲ್ಮ್, ತೇಜಸ್.

ನನ್ನ ಹಂಸಾಳಿಗೆ ಸಣ್ಣ ತಗಡು. ಅವನಿಗೆ ದೊಡ್ಡದು. ನಟರು ಅತ್ತರೆ ಇವನು ಕ್ಯಾಮೆರಾ ಹಿಡಿದ, ಅಷ್ಟೇ. ಅವಳು ಕಣ್ಣೀರನ್ನೂ ತಾನೇ ಬರೆದವಳು.

ಅಕ್ಷರ ಜೋಡಿಸಿ ಮುಗಿಸುವಷ್ಟರಲ್ಲಿ ಗಿರೀಶ ಬಂದು, "ರತ್ನಮ್ಮ, ಓದ್ಲಾ?" ಅಂದ.

"ಬೇಡಪ್ಪ, ಸರಿಯಾಗಿದೆ," ಅಂದೆ. ಅಷ್ಟು ವರ್ಷದಲ್ಲಿ ಬೇಡ ಅಂದದ್ದು ಅದೇ ಮೊದಲು. ಆ ಹುಡುಗನ ಹೆಸರು ದೊಡ್ಡ ತಗಡಿನ ಜೊತೆ ನನ್ನ ಕಿವಿಗೆ ಬೀಳುವುದು ಬೇಡವಾಗಿತ್ತು.

ಸಂಜೆ ಪೆಟ್ಟಿಗೆಗೆ ತುಂಬುವಾಗ ಗಿರೀಶ ನನ್ನನ್ನು ಕರೆದ. "ಅಲ್ಲಾ ರತ್ನಮ್ಮ, ಎರಡನ್ನೂ ನಿಮ್ಮ ಹಂಸಾನೇ ಹೊಡ್ಕೊಂಡ್ಳಾ?"

ನೋಡಿದೆ. ದೊಡ್ಡ ತಗಡಿನಲ್ಲಿ ಬೆಸ್ಟ್ ಫಿಲ್ಮ್, ಕೆಳಗೆ ಹಂಸಾಳ ಹೆಸರು. ದೇವರಾಣೆ, ಬೇಕೆಂದು ಮಾಡಿದ್ದಲ್ಲ. ಕಣ್ಣು ಪಟ್ಟಿಯ ಮೇಲಿತ್ತು, ಕೈ ಮಾತ್ರ ತನಗೆ ಬೇಕಾದ ಅಕ್ಷರ ಹೆಕ್ಕಿತ್ತು. ಹಾಗೇ ಹೋಗಿದ್ದರೆ ಅಂಗಡಿಯ ಮರ್ಯಾದೆಯೇ ಹೋಗುತ್ತಿತ್ತು! ಅದಕ್ಕಿಂತ ಹೆಚ್ಚಾಗಿ, ವೇದಿಕೆಯ ಮೇಲೆ ಹಂಸಾಳ ಮುಖ ಏನಾಗುತ್ತಿತ್ತು? ಅಜ್ಜಿ ಕದ್ದು ಕೊಟ್ಟ ಪ್ರಶಸ್ತಿ ಅನ್ನುತ್ತಿರಲಿಲ್ಲವೇ ಜನ?

ಹೊಸ ತಗಡು ತೆಗೆದು ಮತ್ತೆ ಜೋಡಿಸಿದೆ. "ಈಗ ಓದಪ್ಪ." ಗಿರೀಶ ಓದಿದ. ಮೈ ಉರಿಯಿತು. "ಇನ್ನೊಂದ್ಸಲ." ಓದಿದ. ಮೂರನೇ ಸಲಕ್ಕೆ ಅದು ಬರೀ ಹೆಸರಾಯಿತು. ಸೂಜಿ ಇಳಿಸಿದೆ.

ಪ್ರಶಸ್ತಿಯ ದಿನ ಗೆದ್ದ ಸಿನಿಮಾಗಳನ್ನೆಲ್ಲ ತೋರಿಸಿದರು. ಹಂಸಾಳದ್ದರಲ್ಲಿ ಚಪ್ಪಲಿಗಳೆರಡೂ ಅಡಿಗೆಮನೆ ಬಾಗಿಲಲ್ಲಿ ಕಾಫಿಗೆ ಕಾಯುತ್ತ ನಿಂತಾಗ ಪಕ್ಕದಲ್ಲಿ ಯಾರೋ ಮೂಗು ಸೀಟಿದರು. ಸುಶೀಲಕ್ಕ.

"ಥೂ, ಬೊಂಬೆ ಅಂದ್ಕೊಂಡು ಬಂದ್ರೆ ನನ್ನ ಮೈದುನನ್ನೇ ಕರ್ಕೊಂಬಂದಿದಾಳಲ್ಲೇ!" ಅಂದಳು. ಆಮೇಲೆ ಸೆರಗಿನಲ್ಲಿ ಕಣ್ಣೊರೆಸಿಕೊಂಡು, "ಆದ್ರೂ ನಮ್ಮ ಹುಡುಗಂದೇ ದೊಡ್ಡ ಪ್ರೈಜು."

ಹಂಸ ಸಣ್ಣ ತಗಡಿನ ಟ್ರೋಫಿ ತಂದು ನನ್ನ ಮಡಿಲಲ್ಲಿಟ್ಟಳು. "ನೀನೇ ಕೊರೆದಿದ್ದಾ ಅಜ್ಜಿ?" ಹೌದೆಂದೆ. ಆ ಖುಷಿ ಈಗಲೂ ಇಳಿದಿಲ್ಲ, ಕಂಡವರಿಗೆಲ್ಲ ಹೇಳುತ್ತೇನೆ. ಹೊಟ್ಟೆಯುರಿಯೂ ಪೂರ್ತಿ ಇಳಿದಿಲ್ಲ, ಸುಳ್ಳೇಕೆ.

ಈ ಯುಗಾದಿಗೆ ಕೆಲಸ ಬಿಟ್ಟೆ. ನನ್ನ ಜಾಗಕ್ಕೆ ಬಂದ ಹುಡುಗಿಗೆ ಹೇಳಿಕೊಟ್ಟದ್ದು ಇಷ್ಟೇ: ಯಾವ ಹೆಸರು ಕೇಳಲು ಮನಸ್ಸಿಲ್ಲವೋ ಅದನ್ನು ಎರಡು ಸಲ ಓದಿಸು. ಹಾಳಾದ ಆ ದೊಡ್ಡ ತಗಡು ನನ್ನ ಟ್ರಂಕಿನಲ್ಲಿ, ರೇಷ್ಮೆ ಸೀರೆಯ ಕೆಳಗಿದೆ. ಅದೊಂದನ್ನು ಮಾತ್ರ ಆಮೇಲೆ ಯಾರ ಕೈಲೂ ಓದಿಸಿಲ್ಲ.