ಆರು ಗಿಣಿಗಳ ಹಾಡು

ಯುದ್ಧದ ಕಾಲ, ಕಾಗದಕ್ಕೆ ಬರ. ಹಾಸನದ ನಮ್ಮ ಹೈಸ್ಕೂಲಿನ ಕೈಬರಹದ ಪತ್ರಿಕೆಗೆ ನಾನು ಬರೆದುಕೊಟ್ಟಿದ್ದ ರಾಗಿ ಬೀಸುವ ಹಾಡನ್ನು ಕನ್ನಡ ಮೇಷ್ಟ್ರು ಹಿಂದಕ್ಕೆ ಕೊಟ್ಟರು. ಆ ಹಾಡಿನಲ್ಲಿ ಆರು ಸಲ ಗಿಣಿ ಬರುತ್ತದೆ. ಐದರ ಮೇಲೆ ಕೆಂಪು ಗೀಟು ಬಿದ್ದಿತ್ತು.

"ಹೇಳಿದ್ದನ್ನೇ ಹೇಳೋದು ಕಾವ್ಯ ಅಲ್ಲಮ್ಮ. ಒಂದು ಗಿಣಿ ಸಾಕು. ನಾಳೆ ಪ್ರತಿ ಮಾಡಿಕೊಂಡು ಬಾ."

ನಾನು ಮಾಡಲಿಲ್ಲ. ಹಿಂದಿನ ವರ್ಷ ರಜೆಗೆ ಊರಿಗೆ ಹೋದಾಗ ಆ ಗಿಣಿಗಳು ಒಂದೊಂದಾಗಿ ಬಂದದ್ದನ್ನು ನಾನು ಕಣ್ಣಾರೆ ಕಂಡಿದ್ದೆ. ಬಂದ ದಿನವನ್ನೂ ಗುರುತು ಹಾಕಿಕೊಂಡಿದ್ದೆ.

ಹಾಡು ಹೊಳೆನರಸೀಪುರದ ನಮ್ಮ ಮನೆಯದು, ಕಟ್ಟಿದವಳು ನನ್ನ ಅತ್ತಿಗೆ. ಅವಳ ತವರು ಕೊಣನೂರು. ಮದುವೆಯಾಗಿ ಬಂದ ಮೇಲೆ ಎರಡು ಸುಗ್ಗಿ ಕಳೆದಿದ್ದರೂ ಅವಳು ತವರಿನ ಮುಖ ನೋಡಿರಲಿಲ್ಲ. ಕಳಿಸಿಕೊಡಿ ಎಂದು ಸೊಸೆ ಬಾಯಿಬಿಟ್ಟು ಕೇಳುವ ಪದ್ಧತಿ ನಮ್ಮಲ್ಲಿಲ್ಲ. ಆದರೆ ರಾಗಿಕಲ್ಲಿನ ಮುಂದೆ ಕೂತು ಗಿಣಿಯನ್ನು ತವರಿಗೆ ಕಳಿಸಬಹುದು. ಹಾಡಿನ ಮೇಲೆ ಯಾರೂ ತಪ್ಪು ಹೊರಿಸುವುದಿಲ್ಲ.

ಅವ್ವನೂ ಅತ್ತಿಗೆಯೂ ಎದುರುಬದುರು ಕೂತು ಬೀಸುತ್ತಿದ್ದರು. ಮೊದಲ ದಿನ ಗಿಣಿ ಹೊಳೆ ದಾಟಿ ಹಾರಿತು. ಅವ್ವ ಕಲ್ಲಿನ ಬಾಯಿಗೆ ರಾಗಿ ಸುರಿದಳು. ಮರುದಿನ ಅದೇ ಸಾಲು, ಅದೇ ಗಿಣಿ. ಹಟ್ಟಿಯ ಹಸು ಈಯಿತೇ ಎಂದು ಕೇಳಿತು. ಆಮೇಲೊಂದು ದಿನ ತವರಿನ ಜಗಲಿಯ ಮೇಲೆ ಕೂತು ಯಾರೂ ಮಾತಾಡಿಸದೆ ಹಿಂತಿರುಗಿತು. ಆರನೆಯ ಸಲ ಗಿಣಿ ಹೊಳೆಯ ದಡದಲ್ಲಿ ರೆಕ್ಕೆ ಸೋತು ಕೂತಾಗ ಅವ್ವ ಕಲ್ಲು ನಿಲ್ಲಿಸಿದಳು.

"ಸಾಕು ಬುಡವ್ವ! ನಿನ್ ಗಿಣಿ ಸತ್ತೋಯ್ತದೆ. ಬುಧವಾರ ಗಾಡಿ ಕಟ್ಟುಸ್ತೀನಿ, ಓಗ್ಬುಟ್ಟು ಬಾ."

"ನಾನೆಲ್ಲಿ ಕೇಳ್ದೆ ಅತ್ತೆಮ್ಮ? ಪದ ಏಳ್ದೆ ಅಷ್ಟೇಯ."

"ಊಂ ಕಣ. ನಾನೂವೆ ನಮ್ಮತ್ತೆ ಮುಂದೆ ಇಂಗೇ ಪದ ಏಳ್ದೋಳೇಯ!"

ಇದನ್ನೆಲ್ಲ ಮೇಷ್ಟ್ರಿಗೆ ಹೇಳಿದೆ. ಅವರು ತಲೆಯಾಡಿಸಿ, "ಅದು ನಿಮ್ಮ ಮನೆಯ ಸಮಾಚಾರ. ಪುಟಕ್ಕೆ ಬೇಕಾದ್ದು ಪದ್ಯ," ಎಂದರು.

"ಸಾರ್, ಮೊಸಳೆ ಊರಿನಲ್ಲಿ ಒಂದೇ ಥರದ ಎರಡು ಗುಡಿ ಅಕ್ಕಪಕ್ಕ ಇವೆ. ನೀವೇ ಕರೆದುಕೊಂಡು ಹೋಗಿ ತೋರಿಸಿದಿರಿ. ಒಂದನ್ನು ಕೆಡವಿಸೋಣವೇ?"

ತರಗತಿ ಗೊಳ್ಳೆಂದಿತು. ಮೇಷ್ಟ್ರೂ ನಗು ತಡೆದುಕೊಂಡರು.

"ಗುಡಿ ಕಟ್ಟಿದವರಿಗೆ ಕಲ್ಲು ಬೇಕಾದಷ್ಟಿತ್ತಮ್ಮ, ನಮಗೆ ಕಾಗದ ಇಲ್ಲ. ಒಂದು ಗಿಣಿ, ಇಲ್ಲದಿದ್ದರೆ ಒಂದೂ ಇಲ್ಲ."

"ಹಾಗಾದರೆ ಒಂದೂ ಬೇಡ ಸಾರ್."

ಹಾಳೆ ಎತ್ತಿಕೊಂಡು ಬಂದೆ. ಅಂದು ಸಂಜೆ ದಿನಚರಿಯಲ್ಲಿ ಬರೆದದ್ದನ್ನು ಈಗಲೂ ಬದಲಿಸುವುದಿಲ್ಲ: ಮೊದಲನೆಯ ಗಿಣಿ ಬರಿಯ ಹಕ್ಕಿ. ಅದು ಅತ್ತಿಗೆಯಾಗಬೇಕಾದರೆ ಮತ್ತೆ ಮತ್ತೆ ಬರಬೇಕು. ಹಾಡಿನಲ್ಲಾಗಲಿ ಕಥೆಯಲ್ಲಾಗಲಿ ಒಂದು ಹಕ್ಕಿ, ಒಂದು ಹೊಳೆ ತಿರುತಿರುಗಿ ಬಂದರೆ, ಹೇಳುವವರಿಗೆ ಬೇರೆ ಮಾತು ಗೊತ್ತಿಲ್ಲವೆಂದು ಎಣಿಸುವವರು ಎಣಿಸಲಿ. ನಾನು ಗೀಟು ಹೊಡೆಯಲಾರೆ.

ಪತ್ರಿಕೆ ಹೊರಬಂತು. ನನ್ನ ಹಾಡಿನ ಜಾಗದಲ್ಲಿ ಹಲ್ಲುಜ್ಜುವ ಕ್ರಮದ ಬಗ್ಗೆ ಒಂದು ಲೇಖನವಿತ್ತು. ರಜೆಗೆ ಊರಿಗೆ ಹೋದಾಗ ಅತ್ತಿಗೆಗೆ ಎಲ್ಲವನ್ನೂ ಹೇಳಿದೆ. ಅವಳು ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಒಂದೇ ಗಿಣಿಯಾ? ಒಂದ್ ದಪ ಏಳುದ್ರೆ ನಿಮ್ಮವ್ವ ಕಳುಸ್ಬುಡ್ತಿದ್ರಾ? ನಿಮ್ ಮೇಷ್ಟ್ರು ಯಾರ್ತಾವೂ ಏನೂ ಕೇಳಿಲ್ವೇನೋ ಕಣವ್ವ."

ಮರುದಿನ ಬೆಳಿಗ್ಗೆ ಅತ್ತಿಗೆಯ ಎದುರು ಕಲ್ಲಿಗೆ ನಾನು ಕೂತೆ. ಅವಳು ಶುರುಮಾಡಿದಳು. ಒಳಗಿನಿಂದ ಅವ್ವನ ಕೂಗು ಬಂತು: "ಅಯ್ಯೋ, ತಿರ್ಗಾ ಗಿಣಿ ಬಂದ್ಬುಡ್ತಾ? ಓದೊರ್ಸ ತಾನೆ ಓಗ್ ಬಂದಿದ್ದೀಯ!"

ಅತ್ತಿಗೆ ನಿಲ್ಲಿಸಲಿಲ್ಲ. ಎರಡನೆಯ ಗಿಣಿಗೆ ನಾನೂ ದನಿಗೂಡಿಸಿದೆ.