ಹನ್ನೊಂದನೆಯ ಕಂಬ

ಕಡೂರಿನ ರೇಡಿಯೊ ಸಾಮಾನಿನ ಅಂಗಡಿಯಲ್ಲಿ ಎಲ್ಲರೂ ಬರೆಯಲೆಂದು ಇಟ್ಟಿದ್ದ ಪುಸ್ತಕದಿಂದ ನಾನು ಬರೆದ ಎರಡು ಹಾಳೆಗಳನ್ನು ಬ್ಲೇಡಿನಿಂದ ಕತ್ತರಿಸಿ ತೆಗೆಯಲಾಯಿತು. ಆ ಹಾಳೆಗಳಲ್ಲಿ ನಾನು ಕಂಡುಹಿಡಿದು ಬರೆದಿದ್ದ ಸಂಗತಿಯನ್ನು ಮುಂದಿನ ಪುಟದಲ್ಲಿಯೇ ಒಬ್ಬರು ಹಸಿರು ಶಾಯಿಯಲ್ಲಿ ತಮ್ಮದೆಂದು ಬರೆದುಕೊಂಡರು. ಹಾಳೆಗಳನ್ನು ಇಲಿ ತಿಂದಿದೆ ಎಂದೂ ಬರೆದರು. ಇಲಿ ಇಷ್ಟು ನೇರವಾಗಿ ತಿನ್ನುವುದಿಲ್ಲ. ಪುಸ್ತಕ ಈಗ ನನ್ನ ಮೇಜಿನ ಮೇಲಿದೆ. ಪುಟಗಳಿಗೆ ಅಂಕಿ ಹಾಕಿದವನೂ ನಾನೇ. ಅರವತ್ತೆರಡು ಆದ ಮೇಲೆ ಅರವತ್ತೇಳು ಬರುತ್ತದೆ.

ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಅಜ್ಜಂಪುರದಲ್ಲಿ ನನ್ನದೊಂದು ರೇಡಿಯೊ ರಿಪೇರಿ ಅಂಗಡಿಯಿತ್ತು. ವಾಲ್ವು, ಕಂಡೆನ್ಸರ್, ಕಾಯಿಲ್ ಬೇಕಾದರೆ ಬೀರೂರಿನಲ್ಲಿ ಬಸ್ಸು ಬದಲಿಸಿ ಕಡೂರಿಗೆ ಹೋಗಬೇಕಾಗಿತ್ತು. ತರೀಕೆರೆಯವರೂ ಸುತ್ತಲ ಹಳ್ಳಿಗಳವರೂ ಅಲ್ಲಿಗೇ ಬರುತ್ತಿದ್ದರು. ಆದರೆ ಒಬ್ಬೊಬ್ಬರು ಒಂದೊಂದು ದಿನ ಬಂದು, ಮರಳುವ ಬಸ್ಸಿನ ಹೊತ್ತಿಗೆ ಎದ್ದು ಹೋಗುವವರಾದ್ದರಿಂದ ಒಬ್ಬರ ಮುಖ ಒಬ್ಬರಿಗೆ ಗೊತ್ತಿರಲಿಲ್ಲ. ತಮ್ಮಿಂದ ಬಗೆಹರಿಯದ ದೋಷವನ್ನು ಅಂಗಡಿಯ ಯಜಮಾನರಿಗೆ ಒಪ್ಪಿಸಿ, ಬೇರೆಯವರು ಬಂದರೆ ಕೇಳಿ ಇಡಿ ಎಂದು ಹೇಳಿ ಹೋಗುವುದು ರೂಢಿ. ಯಜಮಾನರು ಬೇಸತ್ತರು. ಇನ್ನೂರು ಪುಟದ ನೋಟ್‌ಬುಕ್ಕಿಗೆ ತೂತು ಕೊರೆದು, ದಾರ ಪೋಣಿಸಿ, ಗಲ್ಲಾಪೆಟ್ಟಿಗೆಯ ಪಕ್ಕದ ಮೊಳೆಗೆ ನೇತುಹಾಕಿ, "ಏನ್ ಕೇಳ್ಬೇಕೋ ಇದ್ರಾಗೆ ಕೇಳ್ಕಳಿ, ನನ್ ತಲೆ ತಿನ್ಬೇಡಿ" ಎಂದರು.

ಅದರಲ್ಲಿ ಹೆಸರು ಬರೆಯುವ ಪದ್ಧತಿ ಬರಲೇ ಇಲ್ಲ. ಹೆಸರಿದ್ದರೆ ಇವನಿಗೆ ಈ ಕೆಲಸ ಬಾರದೆಂದು ಗಿರಾಕಿಗಳಿಗೆ ತಿಳಿದೀತೆಂಬ ಅಂಜಿಕೆ ಇದ್ದಿರಬೇಕು. ಸರ್ಕ್ಯೂಟಿನ ನಕ್ಷೆಯಲ್ಲಿ ಬರುವ ಗುರುತುಗಳನ್ನೇ ಒಬ್ಬೊಬ್ಬರು ಸಹಿ ಮಾಡಿಕೊಂಡರು. ನನ್ನದು ಅರ್ಥ್ ಗುರುತು, ಒಂದರ ಕೆಳಗೊಂದು ಚಿಕ್ಕದಾಗುತ್ತ ಹೋಗುವ ಮೂರು ಗೆರೆ. ತರೀಕೆರೆಯವರೊಬ್ಬರದು ಬ್ಯಾಟರಿ ಸೆಲ್ಲಿನ ಗುರುತು. ಭದ್ರಾವತಿ ಸ್ಟೇಷನ್ ಮಗ್ಗುಲಲ್ಲೇ ಕೂಗಿ ಬೇರೆ ಯಾವುದನ್ನೂ ಕೇಳಗೊಡುವುದಿಲ್ಲ ಎಂಬ ಅವರ ದೂರಿನಿಂದಲೇ ಊರು ಯಾವುದೆಂದು ತಿಳಿದದ್ದು. ಹಸಿರು ಶಾಯಿಯವರದು ಕಾಯಿಲ್‌ನ ಸುರುಳಿ. ಹಸಿರು ಶಾಯಿ ಗೆಜೆಟೆಡ್ ಅಧಿಕಾರಿಗಳು ಬಳಸುವಂಥದು. ರೇಡಿಯೊ ಬಿಚ್ಚುವವರಿಗೆ ಏತಕ್ಕೆ ಎಂದು ನಾನು ಎಂಟನೆಯ ಪುಟದಲ್ಲಿ ಕೇಳಿದ್ದೆ.

ಉತ್ತರಗಳಲ್ಲಿ ತಮಾಷೆಯೇ ಹೆಚ್ಚು. ಸೆಟ್ಟು ಬಿಸಿಯಾದೊಡನೆ ದನಿ ನಿಲ್ಲುತ್ತದೆ ಎಂದು ಒಬ್ಬರು ಬರೆದರೆ, ಬಿಸಿಯಾಗುವ ಮುಂಚೆ ಕೇಳಿ ಮುಗಿಸಿ ಎಂದು ಕೆಳಗೊಬ್ಬರು ಬರೆಯುತ್ತಿದ್ದರು. ತಟ್ಟಿದರೆ ಮಾತ್ರ ಮಾತನಾಡುವ ರೇಡಿಯೊ ಬಂದಿದೆ ಎಂದರೆ, ಎಡಗೈಯೋ ಬಲಗೈಯೋ, ವಿವರ ಸಾಲದು ಎಂಬ ಉತ್ತರ. ಒಳಗೆ ಹಲ್ಲಿ ಸತ್ತುಬಿದ್ದಿತ್ತು ಎಂಬ ಸಾಲಿನ ಕೆಳಗೆ, ಯಾವ ಸ್ಟೇಷನ್ ಹಾಕಿದ್ದಿರಿ ಎಂಬ ಪ್ರಶ್ನೆ. ವಾಲ್ವು ಹೆಚ್ಚೋ ಟ್ರಾನ್ಸಿಸ್ಟರ್ ಹೆಚ್ಚೋ ಎಂಬ ವಾದ ಹನ್ನೆರಡು ಪುಟ ನಡೆಯಿತು. ನಾನು ವಾಲ್ವಿನ ಪಕ್ಷ. ಇಪ್ಪತ್ತೊಂಬತ್ತನೆಯ ಪುಟದಲ್ಲಿ ಹಸಿರು ಶಾಯಿಯವರು ನನ್ನನ್ನು ಮ್ಯೂಸಿಯಮ್ಮಿನ ಕಾವಲುಗಾರ ಎಂದರು. ಓದಿದವರೆಲ್ಲ ಅದರ ಪಕ್ಕದಲ್ಲಿ ಸರಿ ಗುರುತು ಹಾಕಿದ್ದರು. ಏಳು ಸರಿ ಗುರುತುಗಳು, ಈಗಲೂ ಎಣಿಸಬಹುದು.

ಒಂದು ಸಾಲು ಬರೆದು ಬಂದರೆ ಮುಗಿಯಿತು, ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಕೈಯಲ್ಲಿ ಸೋಲ್ಡರಿಂಗ್ ಐರನ್ ಕಾಯುತ್ತಿರುತ್ತಿತ್ತು, ತಲೆಯಲ್ಲಿ ಕಡೂರಿನ ಆ ಮೊಳೆ. ಅವರು ಹೀಗೆಂದರೆ ಹೀಗೆನ್ನಬೇಕು, ಹಾಗೆಂದರೆ ಹಾಗೆನ್ನಬೇಕು ಎಂದು ಗಿರಾಕಿ ಎದುರಿಗಿರುವಾಗಲೇ ತುಟಿ ಅಲುಗುತ್ತಿತ್ತು. ಯಾವ ಸಾಮಾನೂ ಬೇಡದ ದಿನ ಒಂದು ಫ್ಯೂಸಿನ ನೆಪ ಮಾಡಿಕೊಂಡು ಬಸ್ಸು ಹತ್ತುತ್ತಿದ್ದೆ. ಅಂಗಡಿಯಲ್ಲಿ ಯಾರಾದರೂ ಇದ್ದರೆ ಮೊದಲು ಅವರ ಜೇಬಿನ ಪೆನ್ನು ನೋಡುತ್ತಿದ್ದೆ. ಈಗ ಮನೆಯವರು ಫೋನಿನಲ್ಲಿ ಮುಖವರಿಯದವರೊಡನೆ ವಾದಕ್ಕೆ ಬಿದ್ದು, ಉತ್ತರ ಬಂತೇ ಎಂದು ಗಳಿಗೆಗೊಮ್ಮೆ ಪರದೆ ನೋಡುವಾಗ ನಾನು ಆಕ್ಷೇಪಿಸುವುದಿಲ್ಲ. ನನಗೆ ಉತ್ತರ ನೋಡಲು ಎರಡು ಬಸ್ಸು ಬೇಕಾಗುತ್ತಿದ್ದವು.

ಇಲ್ಲಿ ನನ್ನದೊಂದು ಸಾಲನ್ನೂ ದಾಖಲಿಸಬೇಕು. ಐವತ್ತೆಂಟನೆಯ ಪುಟದಲ್ಲಿ ತರೀಕೆರೆಯ ಸೆಲ್ಲಿನ ಸಹಿಯವರು ಯಾರಿಗೋ ಸಲಹೆ ಕೊಡುತ್ತ, ನಾನೂರ ಎಪ್ಪತ್ತರ ರೆಸಿಸ್ಟೆನ್ಸ್ ಎನ್ನಬೇಕಾದಲ್ಲಿ ನಲವತ್ತೇಳು ಎಂದು ಬರೆದಿದ್ದರು. ಅದರ ಮೈಮೇಲೆ ಅಳತೆ ಹೇಳುವ ಬಣ್ಣದ ಪಟ್ಟಿ ಎಣಿಸುವಾಗ ಆದ ತಪ್ಪು. ನಾನು ಕೆಳಗೆ, ಎಣಿಸಲು ಬಾರದವರು ಐರನ್ ಮುಟ್ಟಬಾರದು ಎಂದು ಬರೆದು, ಆ ಮಾತಿನಡಿಗೆ ಒತ್ತಿ ಎರಡು ಗೆರೆ ಎಳೆದೆ. ಮುಂದಿನ ವಾರ ಅವರ ಉತ್ತರವಿತ್ತು. "ತಪ್ಪಾಯಿತು." ಅಷ್ಟೇ. ಅದರ ಮುಂದೆ ಸೆಲ್ಲಿನ ಗುರುತು.

ನನ್ನ ಭಾವ, ಅಕ್ಕನ ಗಂಡ, ಪಂಚನಹಳ್ಳಿಯಲ್ಲಿ ಶಾಲೆಯ ಮೇಷ್ಟ್ರಾಗಿದ್ದರು. ಅವರ ರೇಡಿಯೊ ಹಚ್ಚಿದೊಡನೆ ಗರಗರನೆ ಹುರಿಯುವ ಶಬ್ದ ಮಾಡುತ್ತಿತ್ತು. ವಾರ್ತೆ ಓದುವವರ ದನಿ ಒಗ್ಗರಣೆಯೊಳಗಿಂದ ಬಂದಂತೆ ಕೇಳುತ್ತಿತ್ತು. ಮೂರು ಊರಿನ ಮೂವರು ಅದನ್ನು ಬಿಚ್ಚಿ, ಏನೇನೋ ಬದಲಿಸಿ, ಮುಚ್ಚಿ ಕೊಟ್ಟಿದ್ದರು. ನಾನು ಅಜ್ಜಂಪುರಕ್ಕೆ ತಂದು ಹಚ್ಚಿದರೆ ಶಬ್ದವೇ ಇಲ್ಲ. ಮರಳಿ ಪಂಚನಹಳ್ಳಿಯಲ್ಲಿ ಹಚ್ಚಿದರೆ ಗರಗರ. ದೋಷ ರೇಡಿಯೊದ್ದಲ್ಲ, ಊರಿನದು ಎಂದು ನನಗೆ ಹೊಳೆಯಿತು. ಸೆಲ್ಲು ಹಾಕಿದ ಸಣ್ಣ ಟ್ರಾನ್ಸಿಸ್ಟರೊಂದನ್ನು ಹಿಡಿದು, ಯಾವ ಸ್ಟೇಷನ್ನೂ ಇಲ್ಲದ ಜಾಗಕ್ಕೆ ಮುಳ್ಳು ತಿರುಗಿಸಿ, ಕರೆಂಟಿನ ಲೈನಿನ ಗುಂಟ ರಸ್ತೆಯಲ್ಲಿ ನಡೆದೆ. ಶಾಲೆಯ ಗೇಟಿನ ಬಳಿ ಸಣ್ಣಗಿದ್ದ ಗರಗರ ಮುಂದೆ ಹೋದಂತೆ ದಪ್ಪವಾಯಿತು. ಒಂದು ಕಂಬದ ಕೆಳಗೆ ಅರಚಿತು, ದಾಟಿದರೆ ಮತ್ತೆ ಇಳಿಯಿತು. ಮೂರು ಸಂಜೆ ಪರೀಕ್ಷಿಸಿದೆ, ಮೂರೂ ಸಂಜೆ ಅದೇ ಕಂಬ. ಅದರ ತುದಿಯಲ್ಲಿ ತಂತಿಯನ್ನು ಹಿಡಿದಿಡುವ ಪಿಂಗಾಣಿ ಸೀಳಿರಬೇಕು, ಅಲ್ಲಿಂದ ಕಿಡಿ ಸಿಡಿಯುತ್ತಿರಬೇಕು. ಮೂರನೆಯ ಸಂಜೆ ಹಿಂದಿರುಗುತ್ತ, ಮಸುಕಿನಲ್ಲಿ, ಕಂಬಗಳನ್ನು ಎಣಿಸಿಕೊಂಡು ಬಂದೆ. ಶಾಲೆಯ ಗೇಟಿನಿಂದ ಹನ್ನೊಂದನೆಯದು.

ಇದನ್ನೆಲ್ಲ ಕಡೂರಿನ ಪುಸ್ತಕದಲ್ಲಿ ಮೂರೂವರೆ ಪುಟ ಬರೆದೆ. ಅರವತ್ತಮೂರರಿಂದ ಅರವತ್ತಾರು. ವಿಧಾನ ಬರೆದೆ, ಹನ್ನೊಂದನೆಯ ಕಂಬ ಎಂದು ಬರೆದೆ, ಅಡಿಗೆ ನನ್ನ ಸಹಿಯ ಮೂರು ಗೆರೆ ಎಳೆದೆ.

ಮುಂದಿನ ವಾರ ಆ ಹಾಳೆಗಳ ಅಂಚಿನಲ್ಲಿ ಜಾಗ ಉಳಿದಿರಲಿಲ್ಲ. ಕಂಬವನ್ನು ರಿಪೇರಿಗೆ ತರುವವರು ಗಾಡಿ ಕಟ್ಟಿಸಿಕೊಂಡು ಬರಬೇಕೋ ಎಂದು ಒಬ್ಬರು ಕೇಳಿದ್ದರು. ಸೆಟ್ಟು ಬಿಚ್ಚಲು ಬಾರದವರು ಊರು ಬಿಚ್ಚುತ್ತಾರೆ ಎಂದು ಇನ್ನೊಬ್ಬರು. ಹಸಿರು ಶಾಯಿಯವರು ಉಳಿದ ಅರ್ಧ ಪುಟದಲ್ಲಿ ಕಂಬವೊಂದರ ಚಿತ್ರ ಬರೆದು, ಅದಕ್ಕೆ ವಿಭೂತಿಪಟ್ಟೆ ಎಳೆದು, ಕೆಳಗೆ 'ಕಂಬದಯ್ಯನವರು' ಎಂದಿದ್ದರು. ತರೀಕೆರೆಯವರು ಮಾತ್ರ ಏನೂ ಬರೆದಿರಲಿಲ್ಲ.

ಸಹಿ ಗುಟ್ಟಾಗಿದ್ದರೂ ಪಂಚನಹಳ್ಳಿಯ ಕಂಬಗಳ ಕೆಳಗೆ ಓಡಾಡಿದವನನ್ನು ಜನ ನೋಡಿದ್ದರು; ಆ ಹೆಸರು ನನಗಿಂತ ಮೊದಲು ಅಜ್ಜಂಪುರ ತಲುಪಿತು. ಬಸ್ಸಿನಲ್ಲಿ ಒಬ್ಬರು, ಸಂತೆಯಲ್ಲಿ ಒಬ್ಬರು. ರೇಡಿಯೊ ತಂದ ಗಿರಾಕಿಯೊಬ್ಬರು ಅದನ್ನು ಮೇಜಿನ ಮೇಲೆ ಇಡುವ ಮುಂಚೆಯೇ, "ಕಂಬದಯ್ಯೋರೇ, ಇದ್ಕೂ ಕಂಬಾನೇ ಕಾರಣವೇನ್ರೀ? ಹಂಗಾದ್ರೆ ಮನೇಗೇ ತಗಂಡೋಗ್ತೀನಿ" ಎಂದರು. ತಮಾಷೆಗೆ ಹೇಳಿದ್ದೇ. ಆದರೆ ತೆಗೆದುಕೊಂಡು ಹೋದರು. ಆಮೇಲೆ ಬರುವವರು ಕಡಿಮೆಯಾದರು. ಖಾಲಿ ಮೇಜಿನ ಮುಂದೆ ಕೂತು ಬಾಗಿಲ ಕಡೆ ನೋಡುವುದು, ಎದ್ದು ರಸ್ತೆಯವರೆಗೆ ಹೋಗಿ ಬರುವುದು, ಇದೇ ಕೆಲಸವಾಯಿತು. ಕಂಬದಲ್ಲಿ ದೋಷವಿದೆಯೆಂದು ತೋರಿಸದೆ ನನಗೆ ಆ ಊರಿನಲ್ಲಿ ಅಂಗಡಿ ತೆರೆದಿಡಲು ಮುಖವಿರಲಿಲ್ಲ.

ವಿದ್ಯುತ್ ಕಚೇರಿಗೆ ಭಾವನ ಕೈಯಲ್ಲಿ ಅರ್ಜಿ ಬರೆಸಿದೆ, ಹನ್ನೊಂದನೆಯ ಕಂಬವೆಂದೇ. ಕೆಲವು ವಾರಗಳ ನಂತರ ಲೈನ್‌ಮನ್ ಬಂದರು. ಭಾವ ತರಗತಿಯಲ್ಲಿದ್ದರು, ನಾನೊಬ್ಬನೇ ಜೊತೆಗೆ ಹೋದೆ. ಅವರು ಗೇಟಿನಿಂದ ಬೆರಳು ಮಡಿಸುತ್ತ ಎಣಿಸಿ, ಕರೆಂಟು ತೆಗೆಸಿ, ಕಂಬ ಹತ್ತಿ ಇಳಿದರು.

"ಇಲ್ಲೇನೂ ಇಲ್ವಲ್ಲ ಸ್ವಾಮಿ. ಪಿಂಗಾಣಿ ನೆಟ್ಟಗೈತೆ."

ನಾನು ತಲೆಯೆತ್ತಿ ನೋಡಿದೆ. ನಾನು ಮೂರು ಸಂಜೆ ನಿಂತ ಕಂಬ ಅದಲ್ಲ. ಕರೆಂಟು ಕೊಡಿಸಿ ಎಂದು ಬೇಡಿಕೊಂಡು, ಟ್ರಾನ್ಸಿಸ್ಟರ್ ಹಿಡಿದು ಮುಂದೆ ನಡೆದೆ. ಮುಂದಿನ ಕಂಬದ ಕೆಳಗೆ ಅದು ಅರಚಿತು. ತಿರುಗಿ ನೋಡಿದಾಗ ಹಗಲಿನ ಬೆಳಕಿನಲ್ಲಿ ಸಂಗತಿ ಕಂಡಿತು. ನಡುವೆ ಒಂದು ತೆಂಗಿನ ತೋಟ. ಲೈನು ತೋಟದ ಮೂಲೆಯನ್ನು ಹಾದುಹೋಗುವಲ್ಲಿ ಬೇಲಿಯೊಳಗೆ ಒಂದು ಕಂಬವಿತ್ತು, ತೆಂಗಿನ ಮರಗಳ ಸಾಲಿನಲ್ಲೇ ಸೇರಿಕೊಂಡು. ಸಂಜೆಯ ಮಸುಕಿನಲ್ಲಿ ರಸ್ತೆಯಿಂದ ನೋಡಿದ ನನಗೆ ಅದೂ ಒಂದು ಮರವಾಗಿತ್ತು.

ಲೈನ್‌ಮನ್ ಮತ್ತೆ ಕರೆಂಟು ತೆಗೆಸಿ, ಎರಡನೆಯ ಸಲ ಹತ್ತಿ, ಉದ್ದಕ್ಕೆ ಸೀಳಿದ್ದ ಪಿಂಗಾಣಿಯನ್ನು ಬಿಚ್ಚಿ ಕೆಳಗೆ ತಂದು ನನ್ನ ಕೈಗಿಟ್ಟರು. "ಕಿವಿ ಸರಿಯಾಗೈತೆ ನಿಮ್ದು. ಎಣಿಕೆ ಒಂದು ಕಲ್ತ್ಕಳಿ" ಎಂದರು.

ಅಂದು ಸಂಜೆ ಭಾವ ರೇಡಿಯೊ ಮುಂದೆ ಕೂತು ವಾರ್ತೆಯನ್ನು ಮೊದಲಿಂದ ಕೊನೆಯವರೆಗೆ ಕೇಳಿದರು. ಮುಗಿದ ಮೇಲೆ ಗುಂಡಿ ತಿರುಗಿಸಿ ಆರಿಸಿದರು. "ಪಾಪದ್ದು, ಮೂರ್ ಸಲ ಬಿಚ್ಚಿಸ್ಬಿಟ್ನಲ್ಲಪ್ಪಾ ಇದನ್ನ" ಎಂದರು. ಎಷ್ಟನೆಯ ಕಂಬದ್ದೆಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ.

ಮರುದಿನವೇ ಕಡೂರಿಗೆ ಹೋಗಬೇಕಿತ್ತು. ಜ್ವರ ಬಂದು ಹತ್ತು ದಿನ ಮಲಗಿದೆ. ಈ ನಡುವೆ ಭಾವ ಯಾವುದೋ ಕೆಲಸಕ್ಕೆ ಕಡೂರಿಗೆ ಹೋದವರು ಅಂಗಡಿಗೂ ಹೋಗಿ, ಕಂಬದ ಪಿಂಗಾಣಿ ಬದಲಿಸಿದ ಮೇಲೆ ಗರಗರ ನಿಂತಿತೆಂದು, ಎಷ್ಟನೆಯ ಕಂಬವೆಂಬ ಮಾತೆತ್ತದೆ, ಸಂತೋಷದಿಂದ ಹೇಳಿ ಬಂದರು. ಹಾಸಿಗೆಯಲ್ಲಿ ಇದನ್ನು ಕೇಳಿ ನಾನೂ ಸಂತೋಷಪಟ್ಟೆ. ಎದ್ದವನೇ, ಸೀಳಿದ ಪಿಂಗಾಣಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ.

ನನ್ನ ಹಾಳೆಗಳು ಇರಲಿಲ್ಲ. ಅರವತ್ತೇಳನೆಯ ಪುಟದಲ್ಲಿ ಹಸಿರು ಶಾಯಿ ಹೀಗೆ ಹೇಳುತ್ತಿತ್ತು: "ಪಂಚನಹಳ್ಳಿಯ ಗರಗರ ಶಬ್ದಕ್ಕೆ ಶಾಲೆಯ ಗೇಟಿನಿಂದ ಹನ್ನೊಂದನೆಯ ಕಂಬದ ಸೀಳಿದ ಪಿಂಗಾಣಿ ಕಾರಣ. ಸ್ವತಃ ಹೋಗಿ, ಎಣಿಸಿ, ಪತ್ತೆ ಮಾಡಿದ್ದೇನೆ." ಕೆಳಗೆ ಶಹಬ್ಬಾಸ್‌ಗಳ ಸಾಲು. ಅವರಲ್ಲಿ ಹೆಚ್ಚಿನವರು ನನ್ನ ಹಾಳೆಗಳನ್ನು ಓದಿ ನಕ್ಕವರೇ. ಆದರೆ ಆ ನಗೆಯೂ ಅದೇ ಹಾಳೆಗಳ ಅಂಚಿನಲ್ಲಿತ್ತು. ಕತ್ತರಿಸಿದಾಗ ಅದೂ ಹೋಯಿತು. ಹಾಳೆ ಹೋದದ್ದರಿಂದ ಅವರಿಗೆಲ್ಲ ಅನುಕೂಲವೇ ಆಗಿತ್ತು.

ಯಾರು ಕತ್ತರಿಸಿದರೆಂದು ಯಜಮಾನರನ್ನು ಕೇಳಿದೆ. ಅವರು ಕಂಡೆನ್ಸರ್ ಎಣಿಸುತ್ತಿದ್ದವರು ತಲೆಯೆತ್ತದೆ, "ಪುಸ್ತಕ ನಂದು, ಜಗಳ ನಿಮ್ದು ಸ್ವಾಮಿ. ನಾನ್ಯಾರ್ ಕೈ ಅಂತ ಹಿಡೀಲಿ" ಎಂದರು.

ಮುಂದಿನ ವಾರ ಅದೇ ಪುಟದ ಕೆಳಗೆ ಒಂದು ಸಾಲು ಬಂದಿತ್ತು. "ಅರವತ್ತಮೂರನೇ ಪುಟ ಎಲ್ಲಿ?" ಅದರ ಮುಂದೆ ಸೆಲ್ಲಿನ ಗುರುತು. ಹಸಿರು ಶಾಯಿ ಉತ್ತರಿಸಿತ್ತು: "ಇಲಿ ತಿಂದಿದೆ. ಕಂಬ ಗಟ್ಟಿ, ಹಾಳೆ ಮೆತ್ತಗೆ." ಒಂಬತ್ತು ಸರಿ ಗುರುತುಗಳು.

ನನ್ನ ಬಳಿ ಸಾಕ್ಷಿ ಇತ್ತು. ಪಿಂಗಾಣಿಯಲ್ಲ, ಅದು ಯಾವ ಕಂಬದ್ದೂ ಆಗಬಹುದು. ಸಾಕ್ಷಿ ಆ ಅಂಕಿ. ಸೀಳಿದ್ದು ಹನ್ನೆರಡನೆಯ ಕಂಬದ ಪಿಂಗಾಣಿ. ಹನ್ನೊಂದು ಎಂಬುದು ನನ್ನೊಬ್ಬನ ತಪ್ಪು, ವಿದ್ಯುತ್ ಕಚೇರಿಯ ಅರ್ಜಿ ಬಿಟ್ಟರೆ ಕಾಣೆಯಾದ ಹಾಳೆಗಳಲ್ಲಿ ಮಾತ್ರ ಇದ್ದ ತಪ್ಪು. ಒಂದು ಸಾಲು ಬರೆದರೆ ಸಾಕಿತ್ತು. ಆ ಸಾಲನ್ನು ಬಾಯಿಪಾಠ ಮಾಡಿಕೊಂಡು ನಾಲ್ಕು ಸಲ ಕಡೂರಿಗೆ ಹೋದೆ. ನಾಲ್ಕು ಸಲವೂ ಪುಸ್ತಕ ತೆರೆದಾಗ ಐವತ್ತೆಂಟನೆಯ ಪುಟವನ್ನು ದಾಟಿಯೇ ಹೋಗಬೇಕಿತ್ತು. ಅಲ್ಲಿ ನನ್ನದೇ ಕೈಯಲ್ಲಿ, ಎಣಿಸಲು ಬಾರದವರು ಐರನ್ ಮುಟ್ಟಬಾರದು, ಎರಡು ಗೆರೆ. ಪೆನ್ನಿನ ಮುಚ್ಚಳ ತೆಗೆದು, ಹಾಕಿ, ಒಂದು ಫ್ಯೂಸ್ ಕೊಂಡು ಬಸ್ಸಿಗೆ ಹಿಂದಿರುಗುತ್ತಿದ್ದೆ. ತರೀಕೆರೆಯವರು ನನ್ನ ಪರವಾಗಿ ಕೇಳಿದ ಪ್ರಶ್ನೆ ಹಾಗೇ ಉಳಿಯಿತು. ಕಂಬದಯ್ಯ ಎಂಬ ಹೆಸರೂ ಉಳಿಯಿತು.

ಎಂಬತ್ತರ ದಶಕದ ನಡುವಿನಲ್ಲಿ ಆ ಅಂಗಡಿ ಟೇಪ್ ರೆಕಾರ್ಡರು, ಟೀವಿಗಳಿಗೆ ತಿರುಗಿತು. ಗೋಡೆಗೆ ಹೊಸ ಬಣ್ಣ ಹೊಡೆಸುವಾಗ ಮೊಳೆ ಕಿತ್ತರು. ಪುಸ್ತಕವನ್ನು ಕೇಳಿ ಪಡೆದೆ. ಸೆಲ್ಲಿನ ಸಹಿಯವರು ಯಾರೆಂದು ತರೀಕೆರೆಯಲ್ಲಿ ಹಲವರನ್ನು ವಿಚಾರಿಸಿದೆ, ಸಿಗಲಿಲ್ಲ. ಅವರಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ. ಅರವತ್ತಮೂರನೆಯ ಪುಟದಲ್ಲಿ ಹನ್ನೊಂದು ಎಂದು ಬರೆದಿದ್ದವನು ನಾನು. ತಪ್ಪಾಯಿತು.

ಇನ್ನು ಹಸಿರು ಶಾಯಿಯವರಿಗೆ. ಆ ತೋಟದ ಮೂಲೆಯ ಕಂಬವನ್ನು ಬಿಟ್ಟು ಎಣಿಸಿದವನು ನಾನೊಬ್ಬನೇ, ಅದೂ ಒಂದೇ ಒಂದು ಸಂಜೆ. ಲೈನ್‌ಮನ್ ಹಗಲಲ್ಲಿ ಬೆರಳು ಮಡಿಸಿ ಎಣಿಸಿದ ಹನ್ನೊಂದನೆಯದು ನೆಟ್ಟಗಿತ್ತು, ಸೀಳಿದ್ದು ಅದರ ಮುಂದಿನದು. ಆಮೇಲೆ ನಾನು ಎಷ್ಟು ಸಲ ಎಣಿಸಿದರೂ ಹನ್ನೆರಡೇ. ಸ್ವತಃ ಹೋಗಿ ಎಣಿಸಿದೆನೆಂದು ಬರೆದಿರಲ್ಲ, ಹನ್ನೊಂದು ನಿಮಗೆ ಎಲ್ಲಿಂದ ಬಂತು?