ಅಲ್ತಾಫ್ ಕೂಗದೆ ಬಿಟ್ಟ ಕಾಲು

ಅಲ್ತಾಫ್ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ನಾಲ್ಕು ಜನರೆದುರು ಅವನನ್ನು ಸುಳ್ಳುಗಾರ ಎಂದವನು ನಾನೇ. ಬಾಯಿಂದ ಅಂದದ್ದನ್ನು ಬಾಯಿಂದಲೇ ವಾಪಸು ತೆಗೆದುಕೊಂಡದ್ದೂ ಆಯಿತು. ಅಷ್ಟಕ್ಕೆ ನನ್ನ ಮನಸ್ಸಿಗೆ ಸಮಾಧಾನವಿಲ್ಲ, ಅದಕ್ಕೇ ಬರೆಯಲು ಕೂತಿದ್ದೇನೆ. ನಾನೇನು ಬರೆಯುವ ಕಸುಬಿನವನಲ್ಲ. ಬಳ್ಳಾರಿಯಲ್ಲಿ ಬೈಕಿನ ಬಿಡಿಭಾಗ ಮಾರುವವನು. ಹೆಸರು ಸಂಗಮೇಶ್, ಮನೆ ಪಾರ್ವತಿನಗರ, ಸಿಟ್ಟು ಮೂಗಿನ ತುದಿಯಲ್ಲಿ.

ಅಲ್ತಾಫ್ ಸಿರುಗುಪ್ಪದವನು. ಅವನ ಅಪ್ಪ ಇಮಾಮಸಾಬ್ ಗದ್ದೆಗಳ ಪಂಪ್‌ಸೆಟ್ಟು, ಅಕ್ಕಿ ಗಿರಣಿಯ ಎಂಜಿನ್ನು ರಿಪೇರಿ ಮಾಡುತ್ತಿದ್ದರು. ಅಪ್ಪನಿಗೆ ಬುತ್ತಿ ಮುಟ್ಟಿಸುವುದು ಮಗನ ಕೆಲಸ. ಮನೆಯ ಹಳೇ ಮೊಪೆಡ್ಡಿಗೆ ಬುತ್ತಿ ಕಟ್ಟಿಕೊಂಡು ಗೇಣಗಲದ ಬದುವಿನ ಮೇಲೆ ಹೋಗಬೇಕು. ಆಚೆ ಈಚೆ ಭತ್ತದ ಕೆಸರು. ಗಾಡಿ ನಿಂತರೂ ಕಾಲು ಊರುವ ಹಾಗಿಲ್ಲ. ಊರಿದರೆ ಮೊಣಕಾಲತನಕ ರಾಡಿ, ಮನೆಗೆ ಹೋದ ಮೇಲೆ ತಾಯಿ ಮಾಸುಮಾಬಿಯ ಬೈಗುಳ. ಬೈಗುಳದ ಹೆದರಿಕೆಗೆ ಅವನು ನಿಂತ ಗಾಡಿಯನ್ನು ಕಾಲೂರದೆ ತಡೆದು ಹಿಡಿಯುವುದನ್ನು ಕಲಿತ. ಅದೊಂದು ವಿದ್ಯೆ ಎಂದು ಅವನಿಗಾಗಲಿ ಆ ಊರಿಗಾಗಲಿ ಗೊತ್ತಿರಲಿಲ್ಲ.

ಗೊತ್ತಾದದ್ದು ಎಷ್ಟೋ ವರ್ಷಗಳ ಮೇಲೆ. ಆಗ ಅವನು ಬಳ್ಳಾರಿಗೆ ಬಂದು ಗ್ಯಾರೇಜು ಹಾಕಿ, ನಿಶಾತಳನ್ನು ಮದುವೆಯಾಗಿದ್ದ, ಮಗಳು ಫರ್ಹತ್ ಶಾಲೆಗೆ ಹೋಗುತ್ತಿದ್ದಳು. ಒಂದು ಮಧ್ಯಾಹ್ನ ಕ್ಲಚ್ ವೈರು ಒಯ್ಯಲು ಬಂದವನಿಗೆ ನನ್ನ ಫೋನಿನಲ್ಲಿ ಒಂದು ವಿಡಿಯೊ ತೋರಿಸಿದೆ. ಯಾವುದೋ ದೇಶದಲ್ಲಿ ಒಬ್ಬ ಬೈಕಿನ ಮೇಲೆ ನಿಂತುಕೊಂಡು ಆಳೆತ್ತರದ ಬಂಡೆಗಳನ್ನು ನಿಧಾನವಾಗಿ ಹತ್ತಿ ಇಳಿಯುತ್ತಿದ್ದ. ಟ್ರಯಲ್ಸ್ ಅಂತ ಆ ಆಟದ ಹೆಸರು. ರೇಸಲ್ಲ, ಯಾರು ಮೊದಲು ಮುಟ್ಟಿದರೆಂಬ ಪ್ರಶ್ನೆಯೇ ಇಲ್ಲ. ಗುರುತು ಹಾಕಿದ ದಾರಿಯಲ್ಲಿ ಕಲ್ಲು ದಾಟಬೇಕು, ಕಾಲು ನೆಲಕ್ಕೆ ಊರಬಾರದು. ಒಮ್ಮೆ ಊರಿದರೆ ಒಂದು ತಪ್ಪು, ಬಿದ್ದರೆ ಐದು. ತಪ್ಪು ಕಡಿಮೆ ಇದ್ದವನು ಗೆದ್ದ.

ಅಲ್ತಾಫ್ ವಿಡಿಯೊವನ್ನು ಮೂರು ಸಲ ನೋಡಿದ. "ಲೇ ಸಂಗ್ಯಾ, ಇದು ನಮ್ಮ ಸಿರುಗುಪ್ಪದ ಬದುವಿನ ಆಟ ಐತಿ. ಇವರು ಕಲ್ಲಿನ ಮ್ಯಾಲೆ ಆಡಾಕ ಹತ್ಯಾರ, ಅಷ್ಟ" ಎಂದ. ಕಲ್ಲಿಗೆ ನಮ್ಮ ಕಡೆ ಬರವೇ?

ಒಂದು ಹಳೇ ಟೂ ಸ್ಟ್ರೋಕ್ ಗಾಡಿಯನ್ನು ಅವನು ಆರು ತಿಂಗಳು ಬಿಚ್ಚಿ ಕಟ್ಟಿದ. ಸೀಟು ಕಿತ್ತ. ಹಿಂದಿನ ಚೈನ್ ಚಕ್ರ ದೊಡ್ಡದು ಹಾಕಿದ, ಗಾಡಿ ಮೆಲ್ಲಗೆ ಹೋದರೂ ಎಳೆಯಲಿ ಅಂತ. ಕಲ್ಲಿಗೆ ಬಡಿಯದಂತೆ ಸೈಲೆನ್ಸರನ್ನು ಎತ್ತರಿಸಿ, ಕಾಲು ಸುಡದಂತೆ ಅದಕ್ಕೊಂದು ತಗಡು ಮುಚ್ಚಿ ನಾಲ್ಕು ನಟ್ಟು ಬಿಗಿದ. ಆಮೇಲೆ ಭಾನುವಾರವೆಂದರೆ ಕುರುಗೋಡಿನ ಗುಡ್ಡ. ನಾನು, ಅವನು, ಬಾದನಹಟ್ಟಿಯ ಕರಿಬಸವ. ಗಾಡಿ ಹೇರಿಕೊಂಡು ಹೋಗುವ ಟೆಂಪೊ ಕರಿಬಸವನದು. ಮಂಡಕ್ಕಿ ಒಗ್ಗರಣೆ, ಮಿರ್ಚಿ ಕಟ್ಟಿಸಿಕೊಂಡು ಹೋದರೆ ಬಿಸಿಲು ಏರುವತನಕ ಆಟ. ಕೆಲವು ವರ್ಷಗಳಲ್ಲಿ ಫರ್ಹತ್ ಕೂಡ ಹತ್ತತೊಡಗಿದಳು. ಪಾಲಿಟೆಕ್ನಿಕ್ ಮುಗಿಸಿ ಅಪ್ಪನ ಗ್ಯಾರೇಜಿನಲ್ಲೇ ಕೆಲಸಕ್ಕೆ ನಿಂತಳು. ನಮ್ಮೆಲ್ಲರಿಗಿಂತ ಚೆನ್ನಾಗಿ ಹತ್ತುತ್ತಾಳೆ. ಹೇಳಲು ಹೊಟ್ಟೆಯುರಿದರೂ ಅದು ನಿಜ.

ನಮ್ಮ ಆಟಕ್ಕೆ ಅಂಪೈರ್ ಇರಲಿಲ್ಲ. ಕಾಲು ಊರಿದವನು ತಾನೇ "ಕಾಲು!" ಎಂದು ಕೂಗಬೇಕು. ಇದು ಅಲ್ತಾಫ್ ಮಾಡಿದ ಕಾಯಿದೆ. ಆಟ ಮುಗಿದ ಮೇಲೆ ಒಂದು ದೊಡ್ಡ ಬಂಡೆಯ ಅಡಿಯಲ್ಲಿ, ಮಳೆ ತಾಗದ ಕಡೆ, ಅವರವರ ತಪ್ಪನ್ನು ಅವರವರೇ ಬಳಪದಲ್ಲಿ ಬರೆಯಬೇಕು. ವರ್ಷಗಳ ಲೆಕ್ಕ ಅಲ್ಲಿ ಹಾಗೇ ಇದೆ. ನಾನು ಎಷ್ಟೋ ಸಲ ಬೂಟಿನ ತುದಿ ತಾಗಿದ್ದನ್ನು ನುಂಗಿಕೊಂಡಿದ್ದೇನೆ. ಅಲ್ತಾಫ್ ಯಾರೂ ನೋಡದ ಕಾಲನ್ನೂ ಕೂಗುತ್ತಿದ್ದ. ಬಂಡೆಯ ಹಿಂದೆ, ನಮ್ಮ ಕಣ್ಣಿಗೆ ಬೀಳದ ಜಾಗದಿಂದ "ಕಾಲು!" ಎಂದು ಕೇಳಿ ಬರುತ್ತಿತ್ತು. ನಾವು ನಗುತ್ತಿದ್ದೆವು. ಒಳಗೊಳಗೆ ನನಗೆ ನಾಚಿಕೆಯೂ ಆಗುತ್ತಿತ್ತು.

ಹೋದ ಜನವರಿಯ ಒಂದು ಭಾನುವಾರ ಹುಬ್ಬಳ್ಳಿಯಿಂದ ಇಬ್ಬರು ಬಂದರು. ಮುಂದಿನ ವರ್ಷ ಕುರುಗೋಡಿನ ಗುಡ್ಡದಲ್ಲಿ ದೊಡ್ಡದೊಂದು ಸ್ಪರ್ಧೆ ಇಡಬೇಕೆಂದು ಅವರ ಯೋಚನೆ. ಇನ್ನು ಮೇಲೆ ಕರೆಂಟಿನ ಗಾಡಿಗಳೇ ಬರುತ್ತವೆ, ಅವಕ್ಕೆ ಕಿಕ್ಕಿಲ್ಲ, ಸದ್ದಿಲ್ಲ, ಎರಡೂ ಬ್ರೇಕು ಕೈಯಲ್ಲೇ ಎಂದು ಹೇಳಿದರು. "ಸದ್ದಿಲ್ಲಂದ್ರ ಗಾಡಿಗೆ ಏನ್ ಬ್ಯಾನಿ ಅಂತ ಹೆಂಗ ತಿಳೀಬೇಕ್ರಿ?" ಎಂದು ಅಲ್ತಾಫ್ ಕೇಳಿದ. ಅವರು ನಕ್ಕರು. ಆದರೆ ತಾವೇ ಕಾಲು ಕೂಗುವ ನಮ್ಮ ಕಾಯಿದೆ ಅವರಿಗೆ ಬಹಳ ಹಿಡಿಸಿತು. ಸ್ಪರ್ಧೆಯನ್ನು ಅದೇ ಕಾಯಿದೆಯಲ್ಲಿ ನಡೆಸೋಣ, ಅಲ್ತಾಫ್ ಅವರೇ ಮುಂದೆ ನಿಲ್ಲಲಿ ಎಂದರು. ನನ್ನ ಗೆಳೆಯನ ಮುಖ ಅವತ್ತು ಅರಳಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಒಂದು ತಾಸಿನ ಮೇಲೆ ಅದನ್ನು ಬಾಡಿಸಿದವನೂ ನಾನೇ.

ಆದದ್ದು ಇಷ್ಟು. ಸೈಲೆನ್ಸರಿನ ತಗಡು ಗಡಗಡ ಅನ್ನುತ್ತಿತ್ತು. ಅಲ್ತಾಫ್ ಕಲ್ಲಿನ ಮೇಲೆ ಕೂತು ಬಲಗಾಲಿನ ಬೂಟು ಬಿಚ್ಚಿ ಪಕ್ಕಕ್ಕಿಟ್ಟು, ತಗಡಿನ ನಾಲ್ಕೂ ನಟ್ಟು ತೆಗೆದು ಬೂಟಿನೊಳಗೆ ಹಾಕಿದ. ಗುಡ್ಡದ ಮೇಲೆ ಗಾಡಿ ಬಿಚ್ಚುವಾಗ ಯಾವತ್ತೂ ಅವನ ಪದ್ಧತಿ ಅದು. ಜಲ್ಲಿಯಲ್ಲಿ ಬಿದ್ದ ನಟ್ಟು ಸಿಗುವುದಿಲ್ಲವಲ್ಲ, ಬೂಟೇ ಅವನ ಡಬ್ಬಿ. ತಗಡು ನೇರ ಮಾಡಿ, ಬೂಟನ್ನು ಅಂಗೈಗೆ ಬೋರಲು ಹಾಕಿ, ಕಾಲಿಗೆ ಏರಿಸಿ, ನಟ್ಟು ಬಿಗಿಯಲು ಹೋದರೆ ಕೈಯಲ್ಲಿ ಮೂರೇ ಇದ್ದವು.

ಎಲ್ಲರೂ ನೆಲ ಕೆದರಿ ಹುಡುಕಿದೆವು. "ಬೂಟು ಇನ್ನೊಮ್ಮೆ ಝಾಡಿಸಿ ನೋಡಲೇ" ಎಂದೆ.

"ಕಾಲಿಗೆ ಹಾಕ್ಕೊಂಡೀನಲ್ಲಪಾ. ಒಳಗಿದ್ರ ಚುಚ್ಚತಿರಲಿಲ್ಲೇನು?" ಎಂದ.

ಅದೂ ಸರಿ ಅನ್ನಿಸಿತು. ನಾಲ್ಕನೆಯ ತೂತಿಗೆ ತಂತಿ ಸುತ್ತಿದ. ಬಂದವರ ಮುಂದೆ ಮೊದಲು ಅವನೇ ಗಾಡಿ ಹತ್ತಿಸಿದ.

ಮೂರನೆಯ ಕಲ್ಲಿನ ಮೇಲೆ ಗಾಡಿ ಒಂದು ಗಳಿಗೆ ನಿಂತಿತು. ಅವನ ಬಲಗಾಲು ಕೆಳಗೆ ಬಂತು. ತುದಿ ಬೆರಳಲ್ಲ, ಇಡೀ ಅಂಗಾಲು ಕಲ್ಲಿನ ಮೇಲೆ ಊರಿ, ಭಾರ ಬಿಟ್ಟು, ಮತ್ತೆ ಮೇಲಕ್ಕೆ ಹೋಯಿತು. ನಾನು ಕೂಗಿಗಾಗಿ ಕಾದೆ. ಕೂಗು ಬರಲಿಲ್ಲ. ಅವನು ನಗುನಗುತ್ತಾ ತುದಿ ಮುಟ್ಟಿ ಇಳಿದು ಬಂದು, ಬಳಪ ತೆಗೆದುಕೊಂಡು ತನ್ನ ಹೆಸರಿನ ಮುಂದೆ ಸೊನ್ನೆ ಬರೆದ.

"ಬಲಗಾಲು ಊರಿದೆಲ್ಲಲೇ. ಮೂರನೇ ಕಲ್ಲಿನ ಮ್ಯಾಲೆ" ಎಂದೆ.

"ಇಲ್ಲ."

"ನಾ ನೋಡೀನಿ. ಎಲ್ಲಾರೂ ನೋಡ್ಯಾರ."

"ಊರಿಲ್ಲೋ ಮಾರಾಯಾ. ನನ್ನ ಮಗಳಾಣಿ, ಊರಿಲ್ಲ."

ಆ ಆಣೆ ಕೇಳಿ ನನಗೆ ನೆತ್ತಿಗೇರಿತು. ದೊಡ್ಡವರ ಮುಂದೆ ದೊಡ್ಡಸ್ತಿಕೆ ತೋರಿಸಲು ಹೊರಟಿದ್ದಾನೆ, ಇಷ್ಟು ವರ್ಷದ ಪ್ರಾಮಾಣಿಕತೆ ನೋಡುವವರು ಇಲ್ಲದಿದ್ದಾಗಿನದು ಅಂದುಕೊಂಡೆ. "ಹೆತ್ತ ಮಗಳ ಆಣಿ ಹಾಕಿ ಸುಳ್ಳು ಹೇಳ್ತಿಯೇನಲೇ ಸುಳ್ಳುಗಾರಾ" ಎಂದು ಕಿರುಚಿದೆ. ಬಳಪ ಕಸಿದುಕೊಂಡು ಅವನ ಸೊನ್ನೆಯ ಮೇಲೆ ಗೀಟು ಎಳೆದೆ. ಅಲ್ತಾಫ್ ಕರಿಬಸವನನ್ನು ನೋಡಿದ, ಅವನು ತಲೆ ತಗ್ಗಿಸಿದ. ಮಗಳನ್ನು ನೋಡಿದ. ಫರ್ಹತ್ ಅಪ್ಪನ ಮುಖ ನೋಡಲಿಲ್ಲ, ಕಾಲನ್ನೇ ನೋಡುತ್ತಾ ನಿಂತಿದ್ದಳು. ಹುಬ್ಬಳ್ಳಿಯವರು ಗಡಿಯಾರ ನೋಡಿಕೊಂಡು ಹೊರಟರು. ಸವಾರರ ಮಾತು ನಂಬಿ ಸ್ಪರ್ಧೆ ನಡೆಸುವುದು ಆಗದ ಕೆಲಸ, ಎಲ್ಲ ಕಡೆ ಕ್ಯಾಮೆರಾ ಇಡುತ್ತೇವೆ ಎಂದು ಆ ವಾರವೇ ತಿಳಿಸಿದರು. ಯಾರು ಮುಂದೆ ನಿಲ್ಲಬೇಕೆಂಬ ಮಾತು ಮತ್ತೆ ಬರಲಿಲ್ಲ.

ಹನ್ನೊಂದು ದಿನ ನಾನು ಅವನ ಜೊತೆ ಮಾತಾಡಲಿಲ್ಲ. ಅಂಗಡಿಗೆ ಸಾಮಾನು ಒಯ್ಯಲು ಫರ್ಹತ್ ಬರುತ್ತಿದ್ದಳು. ಕೇಳಿದ್ದು ಕೊಟ್ಟು ಫೋನು ನೋಡುತ್ತಾ ಕೂರುತ್ತಿದ್ದೆ. ಅವಳು ಎರಡು ಸಲ ಬಾಯಿ ತೆರೆದು ಮುಚ್ಚಿದ್ದು ಗೊತ್ತಾಗಿಯೂ ಗೊತ್ತಿಲ್ಲದವನಂತೆ ಇದ್ದೆ. ಅಷ್ಟು ದೊಡ್ಡ ಮನುಷ್ಯ ನಾನು.

ಹನ್ನೆರಡನೆಯ ದಿನ ಅವಳು ಬಂದು ಏನನ್ನೂ ಕೇಳಲಿಲ್ಲ. ಗಲ್ಲಾಪೆಟ್ಟಿಗೆಯ ಮುಂದೆ ಒಂದು ನಟ್ಟು ಇಟ್ಟಳು. ಹತ್ತನೇ ನಂಬರಿನ ಸ್ಪ್ಯಾನರ್ ಕೂರುವ ಸಣ್ಣ ನಟ್ಟು, ಅಂಚಿನಲ್ಲಿ ಕಪ್ಪಗೆ ಏನೋ ಒಣಗಿತ್ತು.

"ಇದು ಅಬ್ಬಾನ ಬೂಟಿನ್ಯಾಗ ಸಿಕ್ತು ಕಾಕಾ. ಮುಂದ ಬೆರಳಿನ ಕಡೆ, ಒಳಹಾಸಿನ್ಯಾಗ ಹೂತಿತ್ತು. ಇಷ್ಟು ದಿನ ಅದನ್ನ ತುಳಕೊಂಡ ಅಡ್ಡಾಡ್ಯಾರ. ಅವರಿಗೆ ತಿಳದೇ ಇಲ್ಲ."

ನಾನು ನಟ್ಟನ್ನೇ ನೋಡುತ್ತಿದ್ದೆ. ಅವಳು ಅಳದೆ ಮುಂದುವರಿಸಿದಳು. "ಅವತ್ತು ಕಲ್ಲಿನ ಮ್ಯಾಲೆ ಕಾಲು ಊರಿದ್ದೂ ತಿಳಿದಿಲ್ಲ ಕಾಕಾ. ಅಬ್ಬಾ ಸುಳ್ಳು ಹೇಳಿರಲಿಲ್ಲ."

ಅಲ್ತಾಫನಿಗೆ ಸಕ್ಕರೆ ಕಾಯಿಲೆ ಇದ್ದದ್ದು ನಮಗೆಲ್ಲ ಗೊತ್ತು. ನೆನಪಾದ ದಿನ ಗುಳಿಗೆ, ನೆನಪಾಗದ ದಿನ ಡಬಲ್ ಸಕ್ಕರೆಯ ಚಹಾ. ಒಂದು ವರ್ಷದಿಂದ ನಡೆಯುವಾಗ ಅವನ ಚಪ್ಪಲಿ ಕಾಲಿನಿಂದ ಜಾರಿ ಹಿಂದೆ ಉಳಿದುಬಿಡುತ್ತಿತ್ತು, ಅವನು ಬರಿಗಾಲಲ್ಲಿ ಹಾಗೇ ಮುಂದೆ ಹೋಗುತ್ತಿದ್ದ. ಚಹಾದಂಗಡಿಯವರೆಲ್ಲ ನಗುತ್ತಿದ್ದರು. "ನಿನ್ನ ಚಪ್ಪಲಿ ನಿನ್ನ ಜೋಡಿ ಬರಾಕ ಒಲ್ಲೆ ಅಂತೈತಿ ನೋಡಲೇ" ಎಂದು ಮೊದಲು ಛೇಡಿಸಿದವನು ನಾನು. ಗಾಡಿಯ ಬೇರಿಂಗ್ ಸವೆದದ್ದನ್ನು ಸದ್ದಿನಲ್ಲೇ ಹೇಳುವ ಮನುಷ್ಯ ತನ್ನ ಪಾದ ಮರಗಟ್ಟಿ ಸತ್ತದ್ದನ್ನು ತಿಳಿಯಲಿಲ್ಲ. ಕಣ್ಣಿದ್ದ ನಾನೂ ತಿಳಿಯಲಿಲ್ಲ.

ಇದ್ದದ್ದು ಒಂದೇ ಜೋಡಿ ಬೂಟು, ಗ್ಯಾರೇಜಿಗೂ ಅದೇ, ಗುಡ್ಡಕ್ಕೂ ಅದೇ. ಜಗಳವಾದ ವಾರದ ಶುಕ್ರವಾರ ನಮಾಜಿಗೆ ಕಾಲು ತೊಳೆಯುವಾಗ ನೀರು ಕೆಂಪಗಾಯಿತಂತೆ. ಕಲ್ಲು ತಾಗಿರಬೇಕೆಂದು ಬಟ್ಟೆ ಸುತ್ತಿ ಮತ್ತೆ ಬೂಟು ಹಾಕಿಕೊಂಡ. ನೋವಿಲ್ಲವಲ್ಲ, ಯಾಕೆ ಹೆದರುತ್ತಾನೆ? ಹನ್ನೊಂದನೆಯ ದಿನ ನಿಶಾತ್ ಹಟ ಹಿಡಿದು ಆಸ್ಪತ್ರೆಗೆ ಕರೆದೊಯ್ಯುವ ಹೊತ್ತಿಗೆ ಜ್ವರ ಬಂದು ಪಾದ ಕಪ್ಪಾಗಿತ್ತು. ಎಂಟು ದಿನ ಮೊದಲು ಬಂದಿದ್ದರೆ ಕಾಲು ಉಳಿಯುತ್ತಿತ್ತು ಎಂದರು ಡಾಕ್ಟರು. ನಾನು ಮುನಿಸಿಕೊಂಡಿದ್ದ ದಿನಗಳನ್ನು ಬೆರಳಿನಲ್ಲಿ ಎಣಿಸಿದೆ. ದಿನಾ ಸಂಜೆ ಚಹಾಕ್ಕೆ ಕೂಡುತ್ತಿದ್ದವರು ನಾವು. ಅವನು ಕುಂಟಿದ್ದರೆ ಮೊದಲು ಕಾಣುತ್ತಿದ್ದದ್ದು ನನಗೇ.

ಮೊಣಕಾಲಿನ ಕೆಳಗೆ ಕತ್ತರಿಸಿದರು. ಮೂರನೆಯ ದಿನ ಹೋಗಿ ಮಂಚದ ಪಕ್ಕ ನಿಂತೆ. ನಿಶಾತ್ ಎದ್ದು, "ಕೂಡ್ರಿ ಅಣ್ಣಾ" ಎಂದು ಸ್ಟೂಲು ಕೊಟ್ಟಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಆ ಸ್ಟೂಲನ್ನು ತಡೆದುಕೊಳ್ಳಲಾಗಲಿಲ್ಲ. ಅತ್ತುಬಿಟ್ಟೆ.

"ನೀ ಯಾಕ ಅಳ್ತೀಯೋ?" ಎಂದ ಅಲ್ತಾಫ್. "ನೀ ನೋಡಿದ್ದು ಖರೆ. ನಾ ಹೇಳಿದ್ದೂ ಖರೆ. ಬಿಡು."

ಬಿಡುವುದು ಅವನಿಗೆ ಸುಲಭ.

ಜೂನಿನಲ್ಲಿ ಒಂದು ಭಾನುವಾರ ಅವನೇ ಹಟ ಮಾಡಿ ಕುರುಗೋಡಿಗೆ ಬಂದ. ಕರಿಬಸವನ ಟೆಂಪೊದಿಂದ ಇಳಿಸಿ, ಎರಡು ಊರುಗೋಲು ಕೊಟ್ಟು, ನಾವಿಬ್ಬರೂ ಆಚೀಚೆ ನಡೆದೆವು. ಫರ್ಹತ್ ಗಾಡಿ ಹತ್ತಿಸಿದಳು. ಮೇಲೆ ಹೋಗುತ್ತಾ ಒಂದು ಕಡೆ "ಕಾಲು!" ಎಂದು ಕೂಗಿದಳು. ನನಗೆ ಕಂಡಿರಲಿಲ್ಲ. ಮುಂದಿನ ವರ್ಷದ ಸ್ಪರ್ಧೆಗೆ ಕರೆಂಟಿನ ಗಾಡಿ ಬಾಡಿಗೆಗೆ ಸಿಗುತ್ತದಂತೆ, ಹೆಸರು ಕೊಟ್ಟಿದ್ದಾಳೆ. "ಅದಕ್ಕ ಬಲಗಾಲಿನ ಕೆಲಸಾನ ಇಲ್ಲ ಅಬ್ಬಾ, ನೀವೂ ಒಮ್ಮೆ ಹತ್ತಿ ನೋಡ್ರಿ" ಎಂದಳು ಇಳಿದು ಬಂದು. ಅಲ್ತಾಫ್ ನಕ್ಕ. ಕ್ಯಾಮೆರಾ ಇರುವಲ್ಲಿ ಕೂಗುವವರು ಯಾರು, ಕೂಗಿದರೆ ಕೇಳುವವರಾದರೂ ಯಾರು ಎಂದು ನನಗೆ ಅನ್ನಿಸಿತು.

ಫರ್ಹತ್ ಮತ್ತೆ ಗಾಡಿ ಹತ್ತಿಸಿದಳು, ನಾವು ಬಂಡೆಯಡಿಗೆ ಹೋದೆವು. ಜನವರಿಯ ಸಾಲು ಹಾಗೇ ಇತ್ತು. ಸೊನ್ನೆ, ಅದರ ಮೇಲೆ ನನ್ನ ಗೀಟು. ನಾನು ಒದ್ದೆ ಬಟ್ಟೆ ತಂದಿದ್ದೆ, ಗೀಟನ್ನು ಒರೆಸಿ ಸೊನ್ನೆಯನ್ನು ಉಳಿಸಬೇಕೆಂದು. ಅಲ್ತಾಫ್ ಕೈ ಹಿಡಿದ.

"ಬ್ಯಾಡ. ಎರಡೂ ಒರಸು. ಬಳಪ ಕೊಡು."

"ಸುಳ್ಳು ಹೇಳಿರಲಿಲ್ಲಲ್ಲೋ ನೀ."

"ಸುಳ್ಳು ಹೇಳಿಲ್ಲ. ಕಾಲು ಬಿದ್ದಿತ್ತಲ್ಲ?"

ಒಂದು ಊರುಗೋಲನ್ನು ನನಗೆ ಕೊಟ್ಟು, ನನ್ನ ಭುಜಕ್ಕೆ ಒರಗಿಕೊಂಡು ಒಂದು ಎಂದು ಬರೆದ. ಆಮೇಲೆ ಗುಡ್ಡದ ಕಡೆ ತಿರುಗಿ, ಐದು ತಿಂಗಳು ತಡವಾಗಿ, ಇದ್ದಷ್ಟು ದನಿ ತೆಗೆದು ಕೂಗಿದ. "ಕಾಲು!" ಮೇಲಿದ್ದ ಫರ್ಹತ್ ಗಾಡಿ ನಿಲ್ಲಿಸಿ ತಿರುಗಿ ನೋಡಿದಳು.

ವಾಪಸು ಬರುವಾಗ ಟೆಂಪೊದಲ್ಲಿ ನನ್ನ ಪಕ್ಕ ಕೂತಿದ್ದವನು ಮೆಲ್ಲಗೆ ಹೇಳಿದ, "ಒಂದು ಮಾತು ಹೇಳ್ತೀನಿ, ನಗಬ್ಯಾಡ. ಆ ಕಾಲು ಈಗ ತಿಳೀತೈತಿ ಸಂಗ್ಯಾ. ಸುಮ್ನ ಕುಂತಾಗ ಇಲ್ಲದ ಅಂಗಾಲಿನ್ಯಾಗ ಆ ನಟ್ಟು ಚುಚ್ಚತೈತಿ. ಬೂಟು ಝಾಡಸಬೇಕು ಅನಸತೈತಿ."

ಆ ನಟ್ಟು ನನ್ನ ಕಿಸೆಯಲ್ಲಿತ್ತು, ಅವತ್ತಿನಿಂದ ಅಲ್ಲೇ ಇದೆ. ಅವನಿಗೆ ಹೇಳಲಿಲ್ಲ. ಅವನು ಕೈ ಚಾಚಿ, ಮಡಚಿ ಪಿನ್ನು ಹಾಕಿದ್ದ ಪ್ಯಾಂಟಿನ ಕೆಳಗೆ, ಏನೂ ಇಲ್ಲದ ಜಾಗವನ್ನು ಒತ್ತಿಕೊಳ್ಳಲು ನೋಡುತ್ತಿದ್ದ. ಬಳ್ಳಾರಿ ಬರುವತನಕ ನಾನು ಆ ಕೈಯನ್ನು ಹಿಡಿದುಕೊಂಡೇ ಕೂತಿದ್ದೆ.